ಅಪ್ಪನ ಫಿಯೆಟ್‌ನ ಸ್ಟೀರಿಂಗ್: ರಿಪೇರಿ ಮಾಡಿಸೋಣವೇ, ಹಾಗೇ ಬಿಡೋಣವೇ?

ತೀರ್ಥಹಳ್ಳಿಯ ಮನೆಯ ಶೆಡ್ಡಿನಲ್ಲಿರುವ 1966ರ ಫಿಯೆಟ್ 1100 ಡಿಲೈಟ್ ಈಗ ನಮ್ಮಿಬ್ಬರ ಪಾಲಿನದು. ಎಂಜಿನ್ ಕೆಲಸ ಆಗಿದೆ, ಟಿಂಕರಿಂಗ್ ಮುಗಿದಿದೆ. ಬಾಕಿ ಇರುವುದು ಬಿರುಕುಬಿಟ್ಟ ಸ್ಟೀರಿಂಗ್ ಒಂದೇ. ಅದರ ವಿಷಯಕ್ಕೆ ಬಂದರೆ ಅಣ್ಣನದು ಒಂದು ಮಾತು, ತಂಗಿಯದು ಇನ್ನೊಂದು. ಇಬ್ಬರ ವಾದವೂ ಇಲ್ಲಿದೆ.

ಪರ: ಮೂಲ ಸ್ಟೀರಿಂಗನ್ನೇ ಸರಿಮಾಡಿಸಬೇಕು (ಅಣ್ಣ)

ಹಳೇ ಕಾರಿಗೆ ಪೇಂಟ್ ಹೊಡೆಸುತ್ತೇವೆ, ಸೀಟಿಗೆ ಹೊಸ ರೆಕ್ಸಿನ್ ಹಾಕಿಸುತ್ತೇವೆ, ಬಂಪರಿಗೆ ಕ್ರೋಮ್ ಕೊಡಿಸುತ್ತೇವೆ. ಸ್ಟೀರಿಂಗ್ ಹತ್ತಿರ ಬಂದಾಗ ಮಾತ್ರ ಕೈಕಟ್ಟಿ ನಿಲ್ಲುವುದು ಯಾಕೋ ನನಗೆ ತಿಳಿದಿಲ್ಲ. ಕೆಲವರು ಕವರ್ ಹೊಲಿಸಿ ಮುಚ್ಚುತ್ತಾರೆ. ಇನ್ನು ಕೆಲವರು ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗಿ ಪುಟ್ಟದೊಂದು ಸ್ಪೋರ್ಟ್ಸ್ ಸ್ಟೀರಿಂಗ್ ತಂದು ಸಿಕ್ಕಿಸುತ್ತಾರೆ. ಕಚ್ಚೆಪಂಚೆ ಉಟ್ಟು ಕ್ರಿಕೆಟ್ ಬೂಟು ಹಾಕಿದ ಹಾಗಿರುತ್ತದೆ.

ನೋಟದ ಮಾತು ಬಿಡಿ. ಆ ಕಾಲದ ಸ್ಟೀರಿಂಗ್ ಅಷ್ಟು ಅಗಲ ಇದ್ದದ್ದು ಶೋಕಿಗಲ್ಲ, ಪವರ್ ಸ್ಟೀರಿಂಗ್ ಇಲ್ಲದ ಕಾರನ್ನು ತಿರುಗಿಸಬೇಕಾಗಿದ್ದರಿಂದ. ಸನ್ನೆಗೋಲಿನ ಲೆಕ್ಕವೇ ಇಲ್ಲಿಯೂ: 16 ಇಂಚಿನ ಸ್ಟೀರಿಂಗ್ ಚಕ್ರ ತೆಗೆದು 13 ಇಂಚಿನದು ಹಾಕಿದರೆ ಅದೇ ತಿರುವಿಗೆ ಸುಮಾರು ಶೇ 23ರಷ್ಟು ಹೆಚ್ಚು ಬಲ ಬೇಕು. ಆಗುಂಬೆ ಘಾಟಿಯ 14 ತಿರುವು ಇಳಿದು ಮತ್ತೆ ಹತ್ತಿ ಬಂದವರಿಗೆ ಆ 23 ಭುಜದಲ್ಲಿ ಗೊತ್ತಾಗುತ್ತದೆ. ಇದಲ್ಲದೆ ನಮ್ಮ ಕಾರಿನ ಗೇರ್ ಹಿಡಿ ಇರುವುದು ಸ್ಟೀರಿಂಗ್ ಕಾಲಮ್ಮಿನಲ್ಲೇ, ಚಕ್ರದ ಅಡಿಯಲ್ಲಿ. ಬೆರಳು ಚಾಚಿದರೆ ಗೇರು, ಹೆಬ್ಬೆರಳು ಒತ್ತಿದರೆ ಹಾರ್ನ್ ರಿಂಗ್. ಈ ಅಂತರಗಳನ್ನೆಲ್ಲ ಒಂದೇ ಕೈಗೆ ಅಳೆದು ಮಾಡಿದ್ದಾರೆ. ಬೇರೆ ಚಕ್ರ ಹಾಕಿದರೆ ಓಡಿಸುವುದು ಫಿಯೆಟ್ ಆಗಿ ಉಳಿಯುವುದಿಲ್ಲ.

‘ಹಾಗೇ ಇರಲಿ ಬಿಡು’ ಎನ್ನುವವರು ಬಿರುಕು ಯಾಕೆ ಬಂತು ಎಂದು ಒಮ್ಮೆ ಯೋಚಿಸಬೇಕು. ಹಳೆಯ ಚಕ್ರದ ಒಳಗೆ ಉಕ್ಕಿನ ಬಳೆ, ಹೊರಗೆ ಪ್ಲಾಸ್ಟಿಕ್ ಇಲ್ಲವೇ ಗಟ್ಟಿ ರಬ್ಬರ್. ಬಿಸಿಲಿಗೆ, ವಯಸ್ಸಿಗೆ ಹೊರಗಿನದು ಮೆದುತನ ಕಳೆದುಕೊಂಡು ಕುಗ್ಗುತ್ತದೆ. ಉಕ್ಕು ಕುಗ್ಗುವುದಿಲ್ಲ. ಕುಗ್ಗಿದ ಅಂಗಿ ತೊಟ್ಟ ದಪ್ಪ ಮನುಷ್ಯನ ಹಾಗೆ, ಎಲ್ಲಿ ಬಿಗಿಯೋ ಅಲ್ಲಿ ಹರಿಯುತ್ತದೆ. ಹೆಚ್ಚಾಗಿ ಕಡ್ಡಿಗಳು ಬಳೆಯನ್ನು ಸೇರುವ ಜಾಗದಲ್ಲಿ. ಆ ಸೀಳಿನಿಂದ ಬೆವರು, ಮಲೆನಾಡಿನ ಥಂಡಿ ಒಳಗೆ ಇಳಿದು ಉಕ್ಕಿಗೆ ತುಕ್ಕು ಹಿಡಿಯುತ್ತದೆ. ತುಕ್ಕು ಉಬ್ಬಿ ಸೀಳನ್ನು ಇನ್ನೂ ಅಗಲ ಮಾಡುತ್ತದೆ. ಸುಮ್ಮನೆ ಬಿಟ್ಟರೆ ಅದು ಹಾಗೇ ಇರುವುದಿಲ್ಲ, ದಿನಾ ಸ್ವಲ್ಪ ಸ್ವಲ್ಪ ಸಾಯುತ್ತಿರುತ್ತದೆ.

ಕೆಲಸವೇನೂ ಬ್ರಹ್ಮವಿದ್ಯೆಯಲ್ಲ, ತಾಳ್ಮೆ ಬೇಕು, ಅಷ್ಟೆ. ಮೊದಲು ಬ್ಯಾಟರಿಯ ತಂತಿ ಬಿಚ್ಚಬೇಕು, ಇಲ್ಲವಾದರೆ ಹಾರ್ನ್ ಕೂಗಿ ಇಡೀ ಕೇರಿ ಎದ್ದೀತು. ಆಮೇಲೆ ನಡುವಿನ ದೊಡ್ಡ ನಟ್ಟು. ಅದನ್ನು ಪೂರ್ತಿ ತೆಗೆಯದೆ ನಾಲ್ಕು ಸುತ್ತು ಹಾಗೇ ಬಿಡಬೇಕು, ಚಕ್ರ ಸಡಿಲವಾಗಿ ಚಿಮ್ಮಿದರೂ ಮುಖಕ್ಕೆ ಬಡಿಯದ ಹಾಗೆ. ಶಾಫ್ಟಿಗೂ ಚಕ್ರಕ್ಕೂ ಸೇರಿ ಒಂದು ಗುರುತು ಹಾಕಿಕೊಂಡು ಪುಲ್ಲರ್ (ಚಕ್ರವನ್ನು ಸಮನಾಗಿ ಎಳೆದು ಕಳಚುವ ಸಲಕರಣೆ) ಹಚ್ಚಿ ಎಳೆಯಬೇಕು. ಸುತ್ತಿಗೆ ಬೇಡವೇ ಬೇಡ. ಬಡಿದ ಪೆಟ್ಟು ಕೆಳಗಿನ ಸ್ಟೀರಿಂಗ್ ಬಾಕ್ಸಿನವರೆಗೂ ಹೋಗುತ್ತದೆ.

ಬಿರುಕನ್ನು ಮುಚ್ಚುವ ಮೊದಲು ದೊಡ್ಡದು ಮಾಡಬೇಕು ಎನ್ನುವುದು ಹೊಸಬರಿಗೆ ವಿಚಿತ್ರ ಅನ್ನಿಸುತ್ತದೆ. ಹ್ಯಾಕ್ಸಾ ಬ್ಲೇಡಿನಿಂದ ಸೀಳನ್ನು ಮೇಲೆ ಅಗಲ, ಕೆಳಗೆ ಚೂಪಾಗುವಂತೆ ಉಕ್ಕಿನವರೆಗೂ ಕೊರೆಯಬೇಕು. ತುಕ್ಕು ಕೆರೆದು ಲೋಹ ಬೆಳ್ಳಗೆ ಕಂಡ ಮೇಲೆ ಎರಡು ಭಾಗ ಕಲಸಿ ಹಚ್ಚುವ ಎಪಾಕ್ಸಿ ಅಂಟನ್ನು ತುಸು ಉಬ್ಬಿರುವಂತೆ ತುಂಬಿ ಇಡೀ ಒಂದು ದಿನ ಬಿಡಬೇಕು. ಆಮೇಲೆ ಅರ, 80ರ ಉಜ್ಜುವ ಕಾಗದ (ನಂಬರ್ ಹೆಚ್ಚಿದಷ್ಟೂ ನಯ), 180, 320, ಕೊನೆಗೆ 600ರ ವಾಟರ್ ಪೇಪರ್. ಚಕ್ರದ ಹಿಂಬದಿಯಲ್ಲಿ ಬೆರಳು ಕೂರುವ ತಗ್ಗುಗಳಿದ್ದರೆ ಅವಕ್ಕೆ ದುಂಡನೆಯ ಅರವೇ ಬೇಕು. ನನಗೆ ಹೆಚ್ಚು ಇಷ್ಟವಾಗುವುದು ಬಣ್ಣ ಹುಡುಕುವ ಭಾಗ. ಹಾರ್ನ್ ಬಟನ್ ತೆಗೆದರೆ ಅದರಡಿ ಬಿಸಿಲು ಕಾಣದ ಒಂದು ಸಣ್ಣ ವೃತ್ತ ಸಿಗುತ್ತದೆ. ನಮ್ಮ ಕಾರಿನಲ್ಲಿ ಅದು ಗಿಣ್ಣದ ಹಾಲಿನ ಬಣ್ಣ. ಮೇಲಿನದೆಲ್ಲ ಅರವತ್ತು ವರ್ಷದ ಹಳದಿ. ಪೇಂಟಿನವನಿಗೆ ತೋರಿಸಬೇಕಾದದ್ದು ಆ ವೃತ್ತವನ್ನು. ಮಳೆಗಾಲದಲ್ಲಿ ಮಾತ್ರ ಪೇಂಟ್ ಬೇಡ, ಹೊಳಪು ಮಂಕಾಗುತ್ತದೆ.

ಶ್ರೀರಂಗಪಟ್ಟಣದ ಬಳಿ ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರು ಮಾಡಿಸಿದ ‘ಪಯಣ’ ಮ್ಯೂಸಿಯಂ ಇದೆಯಲ್ಲ, ಅಲ್ಲಿ ಮಕ್ಕಳನ್ನು ಗಮನಿಸಿ. ಕಾರಿನ ಕಿಟಕಿಯಿಂದ ಇಣುಕುವ ಮಗುವಿನ ಕಣ್ಣು ಮೊದಲು ಹೋಗುವುದು ಸ್ಟೀರಿಂಗ್ ಕಡೆಗೇ.

ವಿರೋಧ: ಅದನ್ನು ಮುಟ್ಟಬೇಡಿ (ತಂಗಿ)

ಅಣ್ಣ ಎಲ್ಲವನ್ನೂ ಬರೆದ, ಒಂದನ್ನು ಬಿಟ್ಟ. 80ರ ಕಾಗದ ಉಜ್ಜುವುದು ಯಾವುದರ ಮೇಲೆ ಎಂದು ಬರೆಯಲಿಲ್ಲ.

ಚಕ್ರದ ಬಲಗಡೆ, ಗಡಿಯಾರದಲ್ಲಿ ಎರಡು ಗಂಟೆಯ ಜಾಗದಲ್ಲಿ, ಒಂದು ಬೆರಳುದ್ದದಷ್ಟು ಹೊಳಪು ಸವೆದಿದೆ. ಅಪ್ಪನ ಬಲಗೈ ಇರುತ್ತಿದ್ದುದು ಅಲ್ಲೇ, ಎಡಗೈ ಗೇರಿನದು. ಎಡಕ್ಕೆ, ಕಡ್ಡಿ ಸೇರುವಲ್ಲಿ ಕೂದಲೆಳೆಯಂಥ ಗೀರುಗಳಿವೆ. ಗೇರು ಬದಲಿಸಿ ಕೈ ವಾಪಸ್ ತರುವಾಗ ನವರತ್ನದ ಉಂಗುರ ತಗುಲಿ ಆದದ್ದು. ಹಿಂದಿನ ಸೀಟಿನಲ್ಲಿ ನಿದ್ದೆಗಣ್ಣಲ್ಲಿ ಬಿದ್ದಿರುತ್ತಿದ್ದ ನನಗೆ ಆ ‘ಟಿಕ್’ ಕೇಳಿದರೆ ಘಾಟಿ ಶುರುವಾಯಿತು ಎಂದು ಅರ್ಥ. ಸ್ಯಾಂಡ್ ಪೇಪರಿಗೆ ಇದನ್ನೆಲ್ಲ ತೆಗೆಯಲು ಹತ್ತು ನಿಮಿಷ ಸಾಕು. ಉಜ್ಜಿ, ತುಂಬಿ, ಬಣ್ಣ ಹೊಡೆದ ಮೇಲೆ ಕೈಗೆ ಸಿಗುವುದು ಹೊಸ ಪೇಂಟು. ‘ಮೂಲ’ದ ಪಾಲಿಗೆ ಉಳಿಯುವುದು ಕಣ್ಣಿಗೆ ಕಾಣದ ಒಳಗಿನ ಕಬ್ಬಿಣ.

ಭಾವುಕಳಾದೆ ಎಂದು ಅಣ್ಣ ನಗಬಹುದು. ಹಳೇ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟ ಫೀವಾ ಒಪ್ಪಿಕೊಂಡಿರುವ ಟ್ಯೂರಿನ್ ಚಾರ್ಟರ್ ಎಂಬ ನೀತಿಪತ್ರ ಹೇಳುವುದು ಬಹುಪಾಲು ನನ್ನ ಮಾತನ್ನೇ. ಹಳೇ ಕಟ್ಟಡಗಳಿಗಾಗಿ 1964ರಲ್ಲಿ ಬಂದ ವೆನಿಸ್ ಚಾರ್ಟರ್ ಅದಕ್ಕೆ ಮಾದರಿ. ವಾಹನ ಬಾಳಿದ ಬದುಕಿನ ಗುರುತುಗಳಿಗೂ ಬೆಲೆಯಿದೆ, ಕೈ ಹಾಕುವುದಾದರೆ ಆದಷ್ಟು ಕಡಿಮೆ ಹಾಕಿ ಎನ್ನುವುದು ಅದರ ತಿರುಳು. ಹಂಪಿಯ ಕಂಬಕ್ಕೆ ಯಾರಾದರೂ ಪುಟ್ಟಿ ಬಳಿದು ಪೇಂಟ್ ಹೊಡೆದರೆ ಸುಮ್ಮನಿರುತ್ತೇವೆಯೇ? ಫಿಯೆಟ್ಟು ಹಂಪಿಯಲ್ಲ, ಒಪ್ಪಿದೆ. ನಮ್ಮ ಮನೆಯ ಮಟ್ಟಿಗೆ ತೀರಾ ದೂರವೂ ಅಲ್ಲ.

ಕಾಯ್ದೆಯ ಭಯವೂ ಬೇಡ. 2021ರಲ್ಲಿ ಕೇಂದ್ರ ಸರ್ಕಾರ ತಂದ ವಿಂಟೇಜ್ ವಾಹನಗಳ ನಿಯಮ 50 ವರ್ಷ ದಾಟಿದ, ಮೂಲ ರೂಪದಲ್ಲಿ ಉಳಿಸಿಕೊಂಡ ಗಾಡಿಗಳಿಗೆ ‘ವಿಎ’ ಅಕ್ಷರದ ಪ್ರತ್ಯೇಕ ನಂಬರ್ ಸಾಲನ್ನು ಕೊಡುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ. ನಮ್ಮದು ಇನ್ನೂ ಮೈಸೂರು ರಾಜ್ಯದ ‘ಎಂವೈ’ ನಂಬರಿನ ಗಾಡಿ. ಬಿರುಕಿರುವ ಚಕ್ರದಿಂದ ಅದರ ಮೂಲ ರೂಪಕ್ಕೆ ಯಾವ ಕುಂದೂ ಬರುವುದಿಲ್ಲ.

ಇನ್ನು ನನಗೆ ನಿಜವಾಗಿ ಹೆದರಿಕೆ ಇರುವ ಮಾತು. ಒಳಗಿನ ಉಕ್ಕಿನ ಬಳೆ ಎಷ್ಟು ತಿಂದುಹೋಗಿದೆ? ಬಿರುಕು ಇರುವಲ್ಲಿ ಕೆರೆದು ನೋಡಬಹುದು. ಬಿರುಕಿಲ್ಲದ ಕಡೆ ಒಳಗೆ ಏನಾಗಿದೆಯೋ ಯಾರು ಕಂಡರು? ಮೇಲೆ ಎಪಾಕ್ಸಿ ತುಂಬಿ ಬಣ್ಣ ಹೊಡೆದರೆ ಕಾಯಿಲೆ ಮುಚ್ಚಿಹೋಗುತ್ತದೆ, ವಾಸಿಯಾಗುವುದಿಲ್ಲ. ಇವತ್ತು ಬಿರುಕು ಕಾಣುತ್ತಿರುವುದರಿಂದಲೇ ನಾವು ಹುಷಾರಾಗಿದ್ದೇವೆ. ಅಪಘಾತದಲ್ಲಿ ಮಡಚಿಕೊಳ್ಳುವ ಸ್ಟೀರಿಂಗ್ ಕಾಲಮ್ಮನ್ನು ಜನರಲ್ ಮೋಟರ್ಸ್ ತನ್ನ ಕಾರುಗಳಿಗೆ ಹಾಕಿದ್ದು 1967ರ ಮಾದರಿಗಳಿಂದ. ಅಮೆರಿಕದಲ್ಲಿ ಆ ಬಗೆಯ ರಕ್ಷಣೆ ಕಡ್ಡಾಯವಾದದ್ದು 1968ಕ್ಕೆ. ಅಪ್ಪನ ಕಾರಿನಲ್ಲಿ ಅಂಥದ್ದೇನೂ ಇಲ್ಲ. ಅಂಥ ಗಾಡಿಯಲ್ಲಿ ಪುಟ್ಟಿ ತುಂಬಿದ ಚಕ್ರ ಹಿಡಿದು ಆಗುಂಬೆ ಇಳಿಯುತ್ತೇನೆ ಎನ್ನುವವನ ಪಕ್ಕ ನಾನು ಕೂರುವುದಿಲ್ಲ, ಅತ್ತಿಗೆಯನ್ನು ಕೂರಲು ಬಿಡುವುದೂ ಇಲ್ಲ.

ತುಕ್ಕಿನ ಬಗ್ಗೆ ಅವನು ಹೇಳಿದ್ದು ಸರಿ. ಅದಕ್ಕೆ ಬೇರೆ ದಾರಿಯಿದೆ. ಚಕ್ರ ಬಿಚ್ಚಿ, ಒದ್ದೆ ಬಟ್ಟೆಯಲ್ಲಿ ಮೆಲ್ಲಗೆ ಒರೆಸಿ, ಚೆನ್ನಾಗಿ ಒಣಗಿಸಿ, ಸೀಳಿನೊಳಗೆ ಕಾಣುವ ಲೋಹಕ್ಕೆ ಮಾತ್ರ ತುಕ್ಕು ತಡೆಯುವ ಮೇಣ ಹಚ್ಚಿ, ಒಳಮನೆಯ ಬೀರುವಿನಲ್ಲಿ ಇಡೋಣ. ಗಾಳಿಯಾಡಲಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟುವುದು ಬೇಡ. ಆ ಕಾಲದ ಕೆಲವು ಪ್ಲಾಸ್ಟಿಕ್‌ಗಳು ಹಳತಾದಂತೆ ಹುಳಿ ವಾಸನೆ ಬಿಡುತ್ತವೆ, ಕಟ್ಟಿಟ್ಟರೆ ಇನ್ನೂ ಬೇಗ ಕೆಡುತ್ತವೆ. ಓಡಿಸಲು ಅದೇ ಅಳತೆಯ, ಶಾಫ್ಟಿನ ಹಲ್ಲಿಗೆ ಸರಿಯಾಗಿ ಕೂರುವ, ಉಕ್ಕು ಗಟ್ಟಿಯಿರುವ ಇನ್ನೊಂದು ಚಕ್ರ ಹುಡುಕೋಣ. ಶಿವಾಜಿನಗರದ ಗುಜರಿ ಇದೆ. ಮುಂಬೈಯಂತೂ ಇದೇ ಫಿಯೆಟ್ಟು ‘ಪ್ರೀಮಿಯರ್ ಪದ್ಮಿನಿ’ ಎಂಬ ಹೆಸರಿನಲ್ಲಿ ದಶಕಗಟ್ಟಲೆ ಟ್ಯಾಕ್ಸಿ ಓಡಿದ ಊರು. ಅವುಗಳ ಕೊನೆಯ ಟ್ಯಾಕ್ಸಿ ರಸ್ತೆ ಬಿಟ್ಟದ್ದು 2023ರ ಅಕ್ಟೋಬರಿನಲ್ಲಿ. ಬಿಚ್ಚಿದ ಸಾಮಾನು ಎಲ್ಲಾದರೂ ಇದ್ದೇ ಇರುತ್ತದೆ. ಆ ಚಕ್ರಕ್ಕೆ ಅಣ್ಣ 80ರ ಕಾಗದವಾದರೂ ಉಜ್ಜಲಿ, ಗಿಣ್ಣದ ಬಣ್ಣವಾದರೂ ಹೊಡೆಯಲಿ, ನಾನೇ ಪಕ್ಕ ನಿಂತು ಎಪಾಕ್ಸಿ ಕಲಸಿಕೊಡುತ್ತೇನೆ.

ಅಲ್ಲಿಯವರೆಗೆ ಪುಲ್ಲರ್ ತರುವ ಅವಸರ ಬೇಡ ಅಣ್ಣಾ. ಶೆಡ್ಡಿನ ಬೀಗದಕೈ ನನ್ನ ಹತ್ತಿರ ಇದೆ.