ಎರಚಲು ಯಾವ ಕಡೆಯಿಂದ ಹೊಡೆಯುತ್ತದೆ?

ಕಳೆದ ಅಕ್ಟೋಬರ್‌ನಲ್ಲಿ ಒಬ್ಬರು ಬಂದು ಇಲ್ಲಿ ಬ್ರಿಟನ್ನಿನಲ್ಲಿರುವ ನಮ್ಮ ಮನೆಯ ಬಾಗಿಲು ತಟ್ಟಿದರು. ಕೈಯಲ್ಲಿ ಟ್ಯಾಬ್ಲೆಟ್, ಕೊರಳಲ್ಲಿ ಗುರುತಿನ ಚೀಟಿ. "ನಿಮ್ಮ ಗೋಡೆಯೊಳಗೆ ಖಾಲಿ ಜಾಗ ಇದೆ. ಅದನ್ನು ತುಂಬಿಸಿದರೆ ಮನೆ ಬೆಚ್ಚಗಿರುತ್ತದೆ, ಮನೆ ಬಿಸಿ ಮಾಡುವ ಗ್ಯಾಸ್‌ನ ಬಿಲ್ಲೂ ಇಳಿಯುತ್ತದೆ. ಮೂರು ಗಂಟೆಯ ಕೆಲಸ ಅಷ್ಟೇ" ಎಂದರು. ರಸ್ತೆಯಲ್ಲೇ ನಿಂತು ಹತ್ತು ನಿಮಿಷ ಮನೆ ನೋಡಿ ಹೋದರು. ನಾನು ಹೂಂ ಅನ್ನುವುದರಲ್ಲಿದ್ದೆ. ಚಳಿಗಾಲದಲ್ಲಿ ಮಗಳ ಕೋಣೆಯ ಗೋಡೆ ಮುಟ್ಟಿದರೆ ಕೈ ಕೊರೆಯುತ್ತದೆ. ಅವಳು ಎರಡು ಸ್ವೆಟರ್ ಹಾಕಿಕೊಂಡು ಓದಲು ಕೂರುತ್ತಾಳೆ.

ಆ ಭಾನುವಾರ ತೀರ್ಥಹಳ್ಳಿಗೆ ಫೋನ್ ಮಾಡಿದಾಗ ಅಪ್ಪಯ್ಯನಿಗೆ ಈ ವಿಷಯ ಹೇಳಿದೆ. ಪೂರ್ತಿ ಕೇಳಿಸಿಕೊಂಡು ಒಂದೇ ಒಂದು ಪ್ರಶ್ನೆ ಕೇಳಿದರು. "ಅದೆಲ್ಲಾ ಸರಿ ಮಾರಾಯ, ನಿನ್ನ ಮನೆಗೆ ಎರಚಲು ಯಾವ ಕಡೆಯಿಂದ ಹೊಡೀತದೆ?"

ಎರಚಲು ಅಂದರೆ ಗಾಳಿಗೆ ಓರೆಯಾಗಿ ಬಂದು ಗೋಡೆಗೆ ಹೊಡೆಯುವ ಮಳೆ. ಬಂದಿದ್ದವರು ಅದನ್ನು ಕೇಳಿರಲಿಲ್ಲ.

ನಾವಿರುವುದು ವೇಲ್ಸ್‌ನ ಸ್ವಾನ್ಸಿಯಲ್ಲಿ, 1950ರ ದಶಕದ ಮನೆ. ಒಂದು ಪಕ್ಕ ನೆರೆಮನೆಗೆ ಅಂಟಿಕೊಂಡಿದೆ. ಬ್ರಿಟನ್ನಿನಲ್ಲಿ ಸುಮಾರು 1920ರ ದಶಕದಿಂದೀಚೆಗೆ ಇಂಥ ಎರಡು ಪದರದ ಗೋಡೆಗಳು ಹೆಚ್ಚಾದವು. ಹೊರಗೊಂದು ಪದರ, ಒಳಗೊಂದು ಪದರ. ನಡುವೆ ಐದಾರು ಸೆಂಟಿಮೀಟರ್ ಖಾಲಿ ಜಾಗ. ಎರಡನ್ನೂ ಅಲ್ಲಲ್ಲಿ ಲೋಹದ ಪಟ್ಟಿಗಳು ಹಿಡಿದಿರುತ್ತವೆ. ಬಾಗಿಲ ಹತ್ತಿರ ಗೋಡೆಯ ದಪ್ಪ ಅಳೆದು ನೋಡಿ. 26 ಸೆಂಟಿಮೀಟರ್‌ಗಿಂತ ಜಾಸ್ತಿ ಇದ್ದರೆ ಹೆಚ್ಚುಕಡಿಮೆ ಇಂಥದ್ದೇ ಗೋಡೆ.

ಆ ಖಾಲಿ ಜಾಗ ಇರುವುದು ಮಳೆಗಾಗಿ. ಹೊರಪದರ ನೆನೆಯುತ್ತದೆ ಅಂತ ಗೊತ್ತಿದ್ದೇ ಕಟ್ಟಿದ್ದು ಅದು. ಒಳಬಂದ ನೀರು ಹೊರಪದರದ ಹಿಂಬದಿಯಲ್ಲೇ ಕೆಳಗಿಳಿದು ಹೋಗಬೇಕು, ಒಳಪದರ ಒಣಗಿರಬೇಕು.

ಇದು ಅರ್ಥವಾದ ದಿನ ನನಗೆ ನೆನಪಾಗಿದ್ದು ನಮ್ಮೂರಿನ ಹಳೇ ಮನೆ. ಮಣ್ಣಿನ ಗೋಡೆ, ಉದ್ದಕ್ಕೆ ಚಾಚಿದ ಸೂರು. ಜೂನ್ ಬರುವ ಮೊದಲೇ ಪಡುವಣ ಗೋಡೆಗೆ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಿದ್ದರು. ಮಳೆ ತಟ್ಟಿಗೆ ಹೊಡೆಯುತ್ತಿತ್ತು, ಗೋಡೆಗೆ ತಾಗುತ್ತಿರಲಿಲ್ಲ. ಮಳೆಗಾಲ ಮುಗಿದ ಮೇಲೆ ಬಿಚ್ಚಿ ಗೋಡೆಗೆ ಬಿಸಿಲು ಕಾಣಿಸುತ್ತಿದ್ದರು. ನಮ್ಮ ಪಕ್ಕದ ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರ್‌ಗೂ ಜಾಸ್ತಿ ಮಳೆ. ಸ್ವಾನ್ಸಿಯಲ್ಲಿ ಅದರ ಕಾಲುಭಾಗವೂ ಇಲ್ಲ. ಆದರೆ ಇಲ್ಲಿಯದು ಸಮುದ್ರದ ಗಾಳಿಗೆ ಅಡ್ಡಡ್ಡ ಬರುವ ಮಳೆ, ಅದೂ ವರ್ಷವಿಡೀ. ಮನೆಗಳಿಗೆ ಸೂರು ಅಂತ ಇರುವುದು ಒಂದು ಗೇಣು. ನಮ್ಮಲ್ಲಿ ಸೂರು ಮತ್ತು ಸೋಗೆ ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಗೋಡೆಯೊಳಗಿನ ಆ ಜಾಗ ಮಾಡುತ್ತಿದೆ.

ಹಾಗಂತ ತುಂಬಿಸುವುದೇ ತಪ್ಪು ಅಂತ ನಾನು ಹೇಳುವುದಿಲ್ಲ. ಲೆಕ್ಕ ಹಾಕಿ ನೋಡಿದ್ದೇನೆ. ಖಾಲಿ ಗೋಡೆಯ ಪ್ರತಿ ಚದರ ಮೀಟರ್‌ನಿಂದ, ಒಳಗೂ ಹೊರಗೂ ಇರುವ ಪ್ರತಿ ಡಿಗ್ರಿ ವ್ಯತ್ಯಾಸಕ್ಕೆ, ಸುಮಾರು 1.5 ವ್ಯಾಟ್ ಶಾಖ ಸೋರುತ್ತದೆ. ತುಂಬಿಸಿದರೆ ಸುಮಾರು 0.5ಕ್ಕೆ ಇಳಿಯುತ್ತದೆ. ನಮ್ಮ ಹೊರಗೋಡೆ ಕಿಟಕಿ ಬಾಗಿಲು ಕಳೆದು 80 ಚದರ ಮೀಟರ್. ಹೊರಗೆ 5 ಡಿಗ್ರಿ, ಒಳಗೆ 20 ಇದ್ದರೆ 1800 ವ್ಯಾಟ್ ಸೋರುವ ಕಡೆ 600 ಸೋರುತ್ತದೆ. ಒಂದು ಹೀಟರ್ ಪೂರ್ತಿ ಆರಿಸಿದಷ್ಟು ಉಳಿತಾಯ. ಇದು ಸಣ್ಣ ಮಾತಲ್ಲ. ಗಾರೆಯಲ್ಲಿ ಒಂದು ಮೀಟರಿಗೊಂದರಂತೆ ತೂತು ಕೊರೆದು, ಖನಿಜದ ಉಣ್ಣೆಯನ್ನೋ (ಕಲ್ಲು ಅಥವಾ ಗಾಜು ಕರಗಿಸಿ ಎಳೆದ ನಾರು) ಪಾಲಿಸ್ಟೈರೀನ್ (ಥರ್ಮೋಕೋಲ್) ಮಣಿಗಳನ್ನೋ ಊದಿ ತುಂಬುತ್ತಾರೆ. ಒಣ ಜಾಗದಲ್ಲಿ, ಒಳ್ಳೆಯ ಗೋಡೆಗೆ, ಸರಿಯಾಗಿ ಮಾಡಿದರೆ ಇದಕ್ಕಿಂತ ಲಾಭದ ಕೆಲಸ ಕಡಿಮೆ. ಗಾಳಿಮಳೆ ಕಡಿಮೆ ಇರುವ ಲೆಸ್ಟರ್‌ನಲ್ಲೋ ಕೇಂಬ್ರಿಡ್ಜ್‌ನಲ್ಲೋ ಇದ್ದಿದ್ದರೆ, ಗೋಡೆ ಪರೀಕ್ಷೆ ಮಾಡಿಸಿ ನಾನೂ ತುಂಬಿಸುತ್ತಿದ್ದೆ.

ಆದರೆ ಇಲ್ಲಿ ಒಂದು ನಕಾಶೆ ಇದೆ. ಗಾಳಿಮಳೆ ಎಷ್ಟು ಜೋರು ಅನ್ನುವುದರ ಮೇಲೆ ಬ್ರಿಟನ್ನನ್ನು ನಾಲ್ಕು ವಲಯ ಮಾಡಿದ್ದಾರೆ. ಕಟ್ಟಡದ ನಿಯಮಗಳಲ್ಲೇ ಅದು ಇದೆ. ಪೂರ್ವದ ಕಡೆ ಹೆಚ್ಚಾಗಿ ಮೊದಲ ಎರಡು ವಲಯ. ಸ್ವಾನ್ಸಿ ಸೇರಿದಂತೆ ವೇಲ್ಸ್‌ನ ನೈಋತ್ಯ ಕರಾವಳಿ ಬರುವುದು ಜೋರು ಮತ್ತು ಅತಿ ಜೋರು ಎಂಬ ಕೊನೆಯ ಎರಡರಲ್ಲಿ. ಉಣ್ಣೆ ತಾನಾಗಿ ನೀರು ಹೀರುವುದಿಲ್ಲ ಅನ್ನುತ್ತಾರೆ, ಅದು ಸುಳ್ಳಲ್ಲ. ಆದರೆ ಗಾರೆ ಬಿರಿದಿದ್ದು, ತುಂಬಿದ್ದರಲ್ಲಿ ಸಂದು ಉಳಿದು, ಒಳಗಿನ ಪಟ್ಟಿಗಳ ಮೇಲೆ ಕಟ್ಟುವಾಗ ಬಿದ್ದ ಗಾರೆಯ ಮುದ್ದೆ ಕೂತಿದ್ದರೆ ನೀರಿಗೆ ಒಳಪದರಕ್ಕೆ ದಾಟಲು ಸೇತುವೆ ಸಿಕ್ಕಿತು. ಒದ್ದೆಯಾದ ಉಣ್ಣೆ ಶಾಖವನ್ನೂ ಸರಿಯಾಗಿ ತಡೆಯುವುದಿಲ್ಲ.

ದಾವಣಗೆರೆಯ ಗೆಳೆಯನೊಬ್ಬ ಇದೇ ಕರಾವಳಿಯಲ್ಲಿ ಮನೆ ಕೊಂಡ. ಹಿಂದಿನವರು ಗೋಡೆ ತುಂಬಿಸಿದ್ದರು. ಎರಡನೇ ಚಳಿಗಾಲಕ್ಕೆ ಮಲಗುವ ಕೋಣೆಯ ಮೂಲೆಯಲ್ಲಿ ಕಪ್ಪು ಬೂಸ್ಟು. ಮಗುವಿಗೆ ಕೆಮ್ಮು. ಕೆಲಸ ಮಾಡಿದವರನ್ನು ಹುಡುಕಿದರೆ ಅವರು ಆಗಲೇ ಅಂಗಡಿ ಮುಚ್ಚಿದ್ದರು. 25 ವರ್ಷದ ಗ್ಯಾರಂಟಿ ಕಾಗದ ಇತ್ತು. ಆದರೆ ಗೋಡೆಯನ್ನು ಸರಿಯಾಗಿ ನೋಡಿಕೊಂಡಿಲ್ಲ, ಮನೆಗೆ ಗಾಳಿ ಸಾಲದು ಅಂತ ಗ್ಯಾರಂಟಿ ಕೊಟ್ಟವರು ತಿಂಗಳುಗಟ್ಟಲೆ ಮಾತು ಎಳೆದರು. ಕೊನೆಗೆ ಅವನೇ ದುಡ್ಡು ಕೊಟ್ಟು, ಇಟ್ಟಿಗೆ ಬಿಚ್ಚಿಸಿ, ಎಲ್ಲ ಹೊರಗೆ ತೆಗೆಸಿದ. ತುಂಬಲು ಕೆಲವೇ ಗಂಟೆ ಸಾಕಾಗಿತ್ತು. ತೆಗೆಯಲು ಮೂರು ದಿನ ಹಿಡಿಯಿತು, ಸಾವಿರಾರು ಪೌಂಡ್ ಖರ್ಚಾಯಿತು.

ನಮ್ಮೂರಲ್ಲಿ ಗೋಡೆ ಸೋರಿದರೆ ಮೇಸ್ತ್ರಿಯ ಮನೆಗೇ ಹೋಗಿ ಕೇಳಬಹುದು. ಅವನು ಮಳೆಯಲ್ಲೇ ಬಂದು, ಗೋಡೆ ತಟ್ಟಿ, ನೀರು ಎಲ್ಲಿಂದ ಇಳಿಯುತ್ತದೆ ಅಂತ ನೋಡುತ್ತಾನೆ. ಇಲ್ಲಿ ಗೋಡೆ ನೋಡುವವನು ಒಬ್ಬ, ತುಂಬುವವನು ಇನ್ನೊಬ್ಬ, ಗ್ಯಾರಂಟಿ ಕೊಡುವವರು ಮತ್ತೊಬ್ಬರು. ಕಾಗದದ ಮೇಲೆ ಇಷ್ಟು ನಂಬಿಕೆ ಇಡುವುದು ನನಗೆ ಇನ್ನೂ ಕಷ್ಟ. ಆದರೆ ನಮ್ಮ ಕಡೆಯದೇ ಸರಿ ಅಂತ ಸುಮ್ನೆ ಹೇಳಲಾರೆ. ತೀರ್ಥಹಳ್ಳಿಯಲ್ಲೂ ಈಗ ಸೂರೇ ಇಲ್ಲದ ತಾರಸಿ ಮನೆಗಳು ಏಳುತ್ತಿವೆ. ಮಲೆನಾಡಿನ ಮಳೆಗೆ ಬೆಂಗಳೂರಿನ ನಕ್ಷೆ. ಎರಡನೇ ವರ್ಷಕ್ಕೇ ಗೋಡೆಯಲ್ಲಿ ಪಾಚಿ, ಆಮೇಲೆ ನೀರು ತಡೆಯುವ ಬಣ್ಣದ ಖರ್ಚು. ಅದನ್ನು ನೋಡಿದಾಗಲೂ ಹೊಟ್ಟೆ ಉರಿಯುತ್ತದೆ.

ನಾನು ಕೊನೆಗೆ ತುಂಬಿಸುವ ಕಂಪನಿಗೆ ಸಂಬಂಧವೇ ಇಲ್ಲದ, ಕಟ್ಟಡ ಪರೀಕ್ಷೆ ಮಾಡುವ ಒಬ್ಬ ಸರ್ವೇಯರ್ ಅನ್ನು ದುಡ್ಡು ಕೊಟ್ಟು ಕರೆಸಿದೆ. ಅವರು ಸಣ್ಣ ತೂತು ಕೊರೆದು ಕ್ಯಾಮೆರಾ ಇಳಿಸಿದರು. ಪಡುವಣ ಗೋಡೆಯೊಳಗೆ ಪಟ್ಟಿಗಳ ಮೇಲೆ ಗಾರೆಯ ಮುದ್ದೆಗಳು, ಬುಡದಲ್ಲಿ ಇಟ್ಟಿಗೆ ಚೂರು. ಹೊರಗೆ ಕಿಟಕಿಯ ಕೆಳಗೆ ಉದ್ದ ಬಿರುಕು. "ಈ ಸ್ಥಿತಿಯಲ್ಲಿ ತುಂಬಿಸಬೇಡಿ" ಎಂದರು. ಕೆಲಸ ಬೇಡ ಅಂತ ಹೇಳಿದರೂ ಅವರಿಗೆ ಸಿಗುವ ದುಡ್ಡು ಅಷ್ಟೇ ಇತ್ತು. ನನಗೆ ಆ ಮಾತಿನ ಮೇಲೆ ನಂಬಿಕೆ ಬಂದಿದ್ದು ಅದರಿಂದಲೇ.

ಹಾಗಾಗಿ ಗೋಡೆ ಖಾಲಿಯೇ ಉಳಿಯಿತು. ಅದರ ಬದಲು ಅಟ್ಟದ ಮೇಲೆ 270 ಮಿಲಿಮೀಟರ್ ದಪ್ಪ ಉಣ್ಣೆ ಹಾಸಿದೆವು, ಇಲ್ಲಿ ಹೇಳುವ ಅಳತೆ ಅದೇ. ಕಿಟಕಿ ಬಾಗಿಲ ಸಂದುಗಳಿಗೆ ಪಟ್ಟಿ ಅಂಟಿಸಿದೆವು. ಗಾಳಿ ಬೇಕೆಂದೇ ಬಿಟ್ಟಿರುವ ಕಿಂಡಿಗಳನ್ನು ಮಾತ್ರ ಮುಚ್ಚಲಿಲ್ಲ. ಮಗಳ ಮೇಜನ್ನು ಪಡುವಣ ಗೋಡೆಯಿಂದ ಒಳಗೋಡೆಯ ಪಕ್ಕಕ್ಕೆ ಸರಿಸಿದೆವು. ಈಗ ಒಂದೇ ಸ್ವೆಟರ್.

ಗಾರೆ ಕೆಲಸದವರು ಮೇ ತಿಂಗಳಲ್ಲಿ ಬರುತ್ತಾರೆ. ಪಡುವಣ ಗೋಡೆಯಿಂದಲೇ ಶುರು ಮಾಡಲು ಹೇಳಿದ್ದೇನೆ.