ಸ್ಪಷ್ಟನೆ: ಯಾರೋ ಹಾಕಿದ ಮೆಸೇಜಿಗೆ ಅಡ್ಮಿನ್ ಜೈಲಿಗೆ ಹೋಗಬೇಕಾ?

‘ಗ್ರೂಪಿನಲ್ಲಿ ಯಾರು ಏನೇ ಹಾಕಲಿ, ಐಟಿ ಕಾಯ್ದೆಯ 66ಎ ಪ್ರಕಾರ ಅಡ್ಮಿನ್‌ಗೆ ಜೈಲು.’ ವಿಜಯನಗರದ ನಮ್ಮ ಬೀದಿಯ ವಾಟ್ಸಾಪ್ ಗ್ರೂಪಿಗೆ ಬಂದ ಈ ಮೆಸೇಜ್ ಓದಿ ಒಬ್ಬ ಅಡ್ಮಿನ್ ಹೆದರಿ ಹೊರಗೇ ಹೋದರು. ಪಾಪ, ಅವರು ಹಾಕುತ್ತಿದ್ದದ್ದು ಕಾವೇರಿ ನೀರು ಬಿಡುವ ಟೈಮು ಮಾತ್ರ.

ಆ ಮೆಸೇಜ್ ತಪ್ಪು. ಆನ್‌ಲೈನ್‌ನಲ್ಲಿ ಆಕ್ಷೇಪಾರ್ಹ ಮೆಸೇಜ್ ಕಳಿಸಿದರೆ ಶಿಕ್ಷೆ ಅನ್ನುತ್ತಿದ್ದ 66ಎ ಸೆಕ್ಷನ್ ಈಗ ಇಲ್ಲವೇ ಇಲ್ಲ. ಸುಪ್ರೀಂ ಕೋರ್ಟ್ ಅದನ್ನು 2015ರ ಮಾರ್ಚ್ 24ರಂದೇ ರದ್ದು ಮಾಡಿದೆ.

ಅಡ್ಮಿನ್ ವಿಷಯಕ್ಕೆ ಬರೋಣ. ಬಾಂಬೆ ಹೈಕೋರ್ಟಿನ ನಾಗಪುರ ಪೀಠ 2021ರಲ್ಲಿ, ಕೇರಳ ಹೈಕೋರ್ಟ್ 2022ರಲ್ಲಿ ಹೆಚ್ಚುಕಡಿಮೆ ಒಂದೇ ಮಾತು ಹೇಳಿವೆ: ಸದಸ್ಯರು ಹಾಕಿದ ಪೋಸ್ಟಿಗೆ ಅಡ್ಮಿನ್ ಅನ್ನುವ ಒಂದೇ ಕಾರಣಕ್ಕೆ ಯಾರನ್ನೂ ಅಪರಾಧಿ ಮಾಡಲಾಗದು. ಒಬ್ಬರ ತಪ್ಪನ್ನು ಇನ್ನೊಬ್ಬರ ತಲೆಗೆ ಕಟ್ಟಬೇಕಾದರೆ ಕಾನೂನಿನಲ್ಲೇ ಹಾಗೆ ಬರೆದಿರಬೇಕು. ಅಡ್ಮಿನ್ ಬಗ್ಗೆ ಹಾಗೆ ಬರೆದಿಲ್ಲ. ಹಾಕುವ ಮೊದಲೇ ಎಲ್ಲ ಮೆಸೇಜ್ ಓದಿ ತಡೆಯುವುದು ಅವರಿಂದ ಆಗುವ ಕೆಲಸವೂ ಅಲ್ಲ, ಅಲ್ವಾ? ಇವು ಬೇರೆ ರಾಜ್ಯದ ತೀರ್ಪುಗಳು, ನಿಜ. ನಮ್ಮ ಹೈಕೋರ್ಟ್ ಇವುಗಳಿಗೆ ಕಟ್ಟುಬಿದ್ದಿಲ್ಲ, ಆದರೆ ವಕೀಲರು ಇಲ್ಲೂ ಇವನ್ನು ಮುಂದಿಡಬಹುದು.

ಹಾಗಂತ ಅಡ್ಮಿನ್‌ಗೆ ಪೂರ್ತಿ ರಿಯಾಯಿತಿ ಅಂತಲ್ಲ. ಸದಸ್ಯರ ಜೊತೆ ಸೇರಿ ಮೊದಲೇ ಸಂಚು ಮಾಡಿದ್ದರೆ ಕೇಸು ನಿಲ್ಲುತ್ತದೆ. ತಾನೇ ಬರೆದದ್ದಕ್ಕೆ, ಸುಮ್ನೆ ಫಾರ್ವರ್ಡ್ ಮಾಡಿದ್ದಕ್ಕೆ ಕೂಡ ತಾನೇ ಹೊಣೆ. ಅದು ಅಡ್ಮಿನ್‌ಗೂ ಒಂದೇ, ಸದಸ್ಯರಿಗೂ ಒಂದೇ.