ಚೌಕಟ್ಟಿನಾಚೆಯ ಮನೆ

ಭೂದೃಶ್ಯ ಚಿತ್ರಗಳು ಪೂರ್ವಜರ ಊರನ್ನು ಹತ್ತಿರ ತರುತ್ತವೆ ಎಂದು ಲೇಖನವೊಂದರಲ್ಲಿ ಓದಿದ ಮಾತು ಮನಸ್ಸಿಗೆ ನಾಟಿತು. ಆದರೆ ಅದಕ್ಕೆ ನೆನಪೊಂದೇ ಕಾರಣ ಎಂಬ ಲೇಖಕರ ವಾದವನ್ನು ಒಪ್ಪಲಾರೆ. ನಾನು ಹುಟ್ಟುವ ಮೊದಲೇ ನಮ್ಮ ಮನೆಯವರು ಆ ಊರು ಬಿಟ್ಟಿದ್ದರು. ನನಗೆ ನೆನಪು ಎಲ್ಲಿಂದ ಬರಬೇಕು? ನಮ್ಮ ಗೋಡೆಯ ಮೇಲೊಂದು ಸಣ್ಣ ಜಲವರ್ಣ ಚಿತ್ರವಿತ್ತು. ಅಜ್ಜಿ ಅದರಲ್ಲಿನ ಕಾಲುದಾರಿಯ ಮೇಲೆ ಬೆರಳಾಡಿಸುತ್ತಾ, “ಇಲ್ಲಿ ತಿರುಗಿದರೆ ನಮ್ಮ ಮನೆ” ಎನ್ನುತ್ತಿದ್ದರು. ಬೆರಳು ಹೋಗಿ ನಿಲ್ಲುತ್ತಿದ್ದುದು ಚೌಕಟ್ಟಿನ ಮರದ ಮೇಲೆ. ಮನೆ ಚಿತ್ರದಲ್ಲಿ ಇರಲೇ ಇಲ್ಲ. ಇಂದಿಗೂ ನನ್ನ ಕಣ್ಣಿಗೆ ಕಟ್ಟುವುದು ಕಲಾವಿದ ಬರೆಯದ ಆ ಮನೆಯೇ.

ಇಂಗ್ಲೆಂಡಿನ ಚಿತ್ರಕಾರ ಜಾನ್ ಕಾನ್‌ಸ್ಟೆಬಲ್ 1821ರಲ್ಲಿ ಪ್ರದರ್ಶಿಸಿದ ‘ದಿ ಹೇ ವೇನ್’ (ಹುಲ್ಲಿನ ಗಾಡಿ) ಚಿತ್ರವನ್ನೇ ನೋಡಿ. ಅದರಲ್ಲಿರುವುದು ಅವರ ತಂದೆಯ ಗಿರಣಿಯ ಬಳಿಯ ಹೊಳೆ, ನೀರಿಗಿಳಿದ ಗಾಡಿ, ಪಕ್ಕದವರ ಮನೆ. ಹುಟ್ಟೂರಿನಲ್ಲಿ ಮಾಡಿಕೊಂಡ ರೇಖಾಚಿತ್ರಗಳನ್ನು ಮುಂದಿಟ್ಟುಕೊಂಡು ಅವರು ಅದನ್ನು ಬರೆದದ್ದು ಲಂಡನ್ನಿನಲ್ಲಿ. ದೂರವಿದ್ದುದರಿಂದಲೇ ಅಷ್ಟು ಅಕ್ಕರೆಯಿಂದ ಬರೆದರೇನೋ ಎಂದು ನನಗೆ ಅನಿಸುತ್ತದೆ.

ಅಜ್ಜಿ ಈಗಿಲ್ಲ. ಚಿತ್ರದ ಗಾಜಿನ ಬಲ ಅಂಚಿನಲ್ಲಿ ಅವರ ಬೆರಳು ಸವೆಸಿದ ಮಸುಕು ಗೆರೆಯಿದೆ. ಅದನ್ನು ಒರೆಸಲು ನಾನು ಯಾರಿಗೂ ಬಿಟ್ಟಿಲ್ಲ.